ಮಾತು ತಡವಾದರೆ ಸುಮ್ನೆ ಕಾಯಬೇಡಿ

ನಮ್ಮ ದಾವಣಗೆರೆಯಲ್ಲಿ ಎರಡು ವರ್ಷದ ಮಗು ಇನ್ನೂ ಮಾತಾಡುತ್ತಿಲ್ಲ ಅಂದರೆ ಹಿರಿಯರು ಹೇಳುವುದು ಒಂದೇ: “ಆಡ್ತಾನೆ ಬಿಡ್ರಿ, ಅವರಪ್ಪಾನೂ ತಡವಾಗೇ ಮಾತಾಡಿದ್ದು.” ಗಾಬರಿಯಾದ ತಾಯಿಗೆ ಧೈರ್ಯ ಹೇಳೋಕೆ ಹೀಗನ್ನುತ್ತಾರೆ, ನನಗೆ ಗೊತ್ತು. ಆದರೂ ಈ ಮಾತಿನಿಂದ ಮಕ್ಕಳಿಗೆ ನಷ್ಟವೇ ಜಾಸ್ತಿ.

ಹಾಲು, ಊಟ, ಇಂಜೆಕ್ಷನ್ ವಿಷಯದಲ್ಲಿ ತಾಯಂದಿರು ಈಗ ತುಂಬಾ ಹುಷಾರು. ಆರು ತಿಂಗಳು ಬರೀ ಎದೆಹಾಲು ಅನ್ನೋದು ಬಹಳ ಜನಕ್ಕೆ ಗೊತ್ತು. ತೂಕ ಸ್ವಲ್ಪ ಇಳಿದರೂ ಡಾಕ್ಟರ ಹತ್ತಿರ ಓಡುತ್ತಾರೆ. ಮಾತು ಬರದಿದ್ದರೆ ಮಾತ್ರ ಕಾಯುತ್ತಾರೆ.

ವರ್ಷ ತುಂಬಿದ ಮಗು ಹೆಸರು ಕರೆದರೆ ತಿರುಗಿ ನೋಡಬೇಕು. ಎರಡು ತುಂಬುವ ಹೊತ್ತಿಗೆ ‘ಅಮ್ಮ ಬಾ’, ‘ಹಾಲು ಬೇಕು’ ಅಂತ ಎರಡು ಪದ ಕೂಡಿಸಬೇಕು. ಇದಾಗದಿದ್ದರೆ ಮೊದಲು ಕಿವಿ ತೋರಿಸಿ. ಬಾಗಿಲು ಬಡಿದ ಸದ್ದಿಗೆ ಬೆಚ್ಚುವ ಮಗುವಿಗೂ ಸಣ್ಣ ದನಿ ಕೇಳಿಸದೇ ಇರಬಹುದು. ಕೆಲವು ಮಕ್ಕಳು ತಡವಾಗಿ ಶುರುಮಾಡಿ ತಾವೇ ಸರಿಹೋಗುತ್ತಾರೆ, ನಿಜ. ನಮ್ಮ ಮಗು ಅಂಥದ್ದೇ ಅಂತ ಮನೆಯಲ್ಲಿ ಕೂತು ಹೇಳೋದು ಹೇಗೆ? ಮೆದುಳಿನ ಬೆಳವಣಿಗೆಯಲ್ಲಿ ಶೇ 85ಕ್ಕಿಂತ ಹೆಚ್ಚು ಆರು ವರ್ಷದೊಳಗೇ ಆಗುತ್ತದೆ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿದೆ. ಎಲ್‌ಕೆಜಿ ಸೀಟಿಗೆ ಅಷ್ಟೊಂದು ಓಡಾಡುವ ಅಪ್ಪಂದಿರು ಅದಕ್ಕಿಂತ ಮುಂಚಿನ ವರ್ಷಗಳನ್ನು ಹೆಂಗಸರಿಗೆ ಬಿಟ್ಟುಬಿಡೋದು ನನಗೆ ಸರಿ ಕಾಣುವುದಿಲ್ಲ. ಕೂಸಿಗೆ ಅಪ್ಪನ ದನಿಯೂ ಬೇಕು.

ಇನ್ನು ಮೊಬೈಲು. ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. “ನಮ್ಮವನು ಮೊಬೈಲ್ ನೋಡಿ ಎಬಿಸಿಡಿ ಹೇಳ್ತಾನೆ” ಅಂತ ಖುಷಿಪಡುವವರಿದ್ದಾರೆ. ಬಾಯಾರಿಕೆ ಆದಾಗ ನೀರು ಕೇಳುತ್ತಾನಾ? ನಾನು ನೋಡೋದು ಅದನ್ನು. ಮೊಬೈಲು ಮಗುವಿನ ಉತ್ತರಕ್ಕೆ ಕಾಯುವುದಿಲ್ಲ, ಅಜ್ಜಿ ಕಾಯುತ್ತಾಳೆ. ಕೂಸನ್ನು ಕಾಲ ಮೇಲೆ ಮಲಗಿಸಿ ನೀರು ಎರೆಯುವ ಅಜ್ಜಿ “ಎಲ್ಲಿ ಕಂದ, ಕೈ ಎಲ್ಲಿ?” ಅಂತಾಳೆ, ಕೂಸು “ಆ” ಅಂದರೆ ತಾನೂ “ಆ” ಅಂತಾಳೆ. ಮಗು ಮಾತು ಕಲಿಯುವುದು ಹೀಗೇ.

ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಬರುವ ತಾಯಿ ಪುರುಸೊತ್ತೆಲ್ಲಿ ಅಂತ ಕೇಳುವುದು ನ್ಯಾಯವೇ. ಇದಕ್ಕೆ ಬೇರೆ ಟೈಮ್ ಬೇಕಿಲ್ಲ, ಆಟಿಕೆಯೂ ಬೇಕಿಲ್ಲ. ಸೊಪ್ಪು ಬಿಡಿಸುವಾಗ, ಕಂಕುಳಲ್ಲಿ ಎತ್ತಿಕೊಂಡು ಅಂಗಡಿಗೆ ಹೋಗುವಾಗ ಕಂಡದ್ದರ ಹೆಸರು ಹೇಳಿ, ಮಗು ಏನಾದರೂ ಅನ್ನುವವರೆಗೆ ಒಂದು ಗಳಿಗೆ ನಿಂತರೆ ಸಾಕು.

ಅನುಮಾನ ಬಂದರೆ ದಾರಿ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಗಿದ್ದು. ಅದರಲ್ಲಿ ಡಾಕ್ಟರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು, ತಪಾಸಣೆ ಉಚಿತ. ಯಾವಾಗ ಬರುತ್ತಾರೆ ಅಂತ ಅಂಗನವಾಡಿ ಟೀಚರನ್ನು ಕೇಳಿಟ್ಟುಕೊಳ್ಳಿ. ತಿಂಗಳುಗಟ್ಟಲೆ ಕಾಯಬೇಕಾದರೆ ನೀವೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜೊತೆಗೆ ಅಪ್ಪನೂ ಹೋಗಲಿ.