ಮಾತ್ರೆಗೆ ಮರ್ಯಾದೆ, ಪಂಪಿಗೆ ಪರದೆ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮವರ ಗೃಹಪ್ರವೇಶ ಮುಗಿಸಿ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಸಹಿಸಿಕೊಳ್ಳಿ.

ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಹಿರಿಯರೊಬ್ಬರು ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಎದೆನೋವು ಬಂದರೆ ನಾಲಿಗೆಯ ಕೆಳಗಿಡುವ ಮಾತ್ರೆ ಎಂದು ಇಡೀ ಸಾಲಿಗೆ ಪ್ರದರ್ಶಿಸಿದರು. ಅಷ್ಟರಲ್ಲಿ ಹೋಮದ ಹೊಗೆಗೆ ಅವರ ಸೊಸೆಗೆ ಉಬ್ಬಸ ಬಂತು. ಪಾಪ, ಚೀಲದಿಂದ ಉಬ್ಬಸದ ಪಂಪ್ (ಇನ್ಹೇಲರ್) ತೆಗೆದಳು. "ಒಳಗೆ ಹೋಗಿ ತೆಗೆದುಕೊಳ್ಳಮ್ಮ, ನಾಲ್ಕು ಜನ ನೋಡುತ್ತಾರೆ" ಎಂದರು ಮಾವ!

ಔಷಧದ ಅಂಗಡಿಯಲ್ಲೇ ತಲೆ ಬೆಳ್ಳಗಾದವಳು ನಾನು, ನಿಮಗೆ ಗೊತ್ತು. ಮಾವಯ್ಯನ ನೈಟ್ರೋಗ್ಲಿಸರಿನ್ ಮಾತ್ರೆ ಮೈಯಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗಿ ರಕ್ತನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ನಾಳ ಹಿಗ್ಗುತ್ತದೆ, ಹೃದಯಕ್ಕೆ ಮರಳುವ ರಕ್ತ ತಗ್ಗಿ ಅದರ ಹೊರೆ ಇಳಿಯುತ್ತದೆ. (ಈ ಅನಿಲದ ಮಹಿಮೆ ತೋರಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಡೈನಮೈಟ್ ಮಾಡಿದ ನೊಬೆಲ್ ಸಾಹೇಬರಿಗೇ ವೈದ್ಯರು ಹೃದಯಕ್ಕೆಂದು ಅದೇ ಡೈನಮೈಟಿನ ಸರಕಾದ ನೈಟ್ರೋಗ್ಲಿಸರಿನ್ ಬರೆದುಕೊಟ್ಟಿದ್ದರು.) ಸೊಸೆಯ ಪಂಪಿನಲ್ಲಿರುವ ಔಷಧ ಸಾಲ್ಬುಟಮಾಲ್ ಶ್ವಾಸನಾಳದ ಸ್ನಾಯುವಿನ ಬೀಟಾ-2 ಗ್ರಾಹಕಗಳನ್ನು (ಔಷಧ ಅಂಟಿಕೊಳ್ಳುವ ತಾಣಗಳನ್ನು) ಹಿಡಿದು ಅದನ್ನು ಸಡಿಲಿಸುತ್ತದೆ. ದಾರಿ ಬೇರೆ, ಫಲ ಒಂದೇ: ಬಿಗಿದ ನಾಳ ಬಿಚ್ಚಿಕೊಳ್ಳುವುದು. ಒಂದು ಹೆಮ್ಮೆ, ಇನ್ನೊಂದು ನಾಚಿಕೆ ಹೇಗಾಯಿತು ಸ್ವಾಮಿ?

"ಪಂಪ್ ಅಭ್ಯಾಸವಾಗಿಬಿಡುತ್ತದೆ, ಮಾತ್ರೆಯನ್ನೇ ಕೊಡಿ" ಎನ್ನುವವರು ನನ್ನ ಅಂಗಡಿಗೆ ದಿನವೂ ಬರುತ್ತಾರೆ. ಒಂದು ಸಲ ಒತ್ತಿದರೆ ಹೊರಡುವುದು 100 ಮೈಕ್ರೋಗ್ರಾಂ. ಅದೇ ಔಷಧದ ಮಾತ್ರೆ 4 ಮಿಲಿಗ್ರಾಂ, ಅಂದರೆ ನಲವತ್ತು ಪಟ್ಟು! ಅದು ಹೊಟ್ಟೆ, ಯಕೃತ್ತು, ರಕ್ತ ಎಲ್ಲವನ್ನೂ ಸುತ್ತಿ ಎದೆಗೆ ಬರುವಷ್ಟರಲ್ಲಿ ಕೈ ನಡುಗುತ್ತದೆ, ಗುಂಡಿಗೆ ಓಡುತ್ತದೆ. ಪಂಪ್ ಕೆಲವೇ ನಿಮಿಷಗಳಲ್ಲಿ ನೇರವಾಗಿ ಕೆಲಸ ಮಾಡುತ್ತದೆ. ನಾಲಿಗೆಯ ಕೆಳಗೆ ಮಾತ್ರೆ ಇಡುವುದೂ ಯಕೃತ್ತನ್ನು ತಪ್ಪಿಸಿ ಬೇಗ ರಕ್ತ ಸೇರಲೆಂದೇ. ಮಾವಯ್ಯನವರಿಗೆ ಈ ಅಡ್ಡದಾರಿ ಒಪ್ಪಿಗೆ, ಸೊಸೆಯದ್ದು ಮಾತ್ರ ಅಪಮಾನ!

ಪಂಪನ್ನೇ ನಂಬಿ ಕೂರಬಾರದು ಎನ್ನುವಿರಾ? ಸರಿ, ಅಷ್ಟು ಒಪ್ಪಿದೆ. ಸಾಲ್ಬುಟಮಾಲಿನ ಫಲ 4ರಿಂದ 6 ಗಂಟೆ. ಅದು ಒಳಗಿನ ಊತವನ್ನು ಇಳಿಸುವುದಿಲ್ಲ, ಅದಕ್ಕೆ ಸ್ಟೀರಾಯ್ಡ್ ಇರುವ ಪಂಪ್ ಬೇಕು. ಬರಿಯ ಸಾಲ್ಬುಟಮಾಲ್ ಸಾಲದೆಂದು ಜಾಗತಿಕ ಆಸ್ತಮಾ ಮಾರ್ಗಸೂಚಿಯೇ 2019ರಲ್ಲಿ ಹೇಳಿತು. ಆದರೆ ಮೊದಲ ಪಂಪನ್ನೇ ಬಚ್ಚಿಡುವವರು ಎರಡನೆಯದನ್ನು ಮುಟ್ಟುತ್ತಾರೆಯೇ? ಸ್ಟೀರಾಯ್ಡ್ ಎಂದು ಕೇಳಿದೊಡನೆ ಅರ್ಧ ಮುಂಬೈ ಓಡಿಹೋಗುತ್ತದೆ.

ಹೇಳಿಯೇ ಬಿಡುತ್ತೇನೆ. ನನ್ನ ಮದುವೆಗೆ ಮುಂಚೆ ಅಮ್ಮ ನನ್ನ ಪಂಪನ್ನು ಬೀಗರ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬದಲ್ಲಿ ಇಡುತ್ತಿದ್ದರು. ಮಳೆಗಾಲದಲ್ಲಿ ಗೋಡೆಗೆಲ್ಲ ಬೂಸಲು ಹಿಡಿಯುವ ಈ ಊರಿನಲ್ಲಿ ರಾತ್ರಿ ಎದೆ ಬಿಗಿದಾಗ ಕತ್ತಲಲ್ಲಿ ಅಕ್ಕಿ ತಡಕಾಡಿದ್ದೇನೆ. ಆ ಸೊಸೆಯನ್ನು ಒಳಗೆ ಕಳಿಸಿದ್ದು ನೋಡಿ ನನಗೆ ಹೋಳಿಗೆ ಇಳಿಯಲಿಲ್ಲ.

ಪಂಪ್ ಹಿಡಿಯಲು ಬಾರದವರು ನಮ್ಮ ಅಂಗಡಿಗೆ ಬನ್ನಿ. ಸ್ಪೇಸರ್ (ಪಂಪಿಗೆ ಸಿಕ್ಕಿಸುವ ಕೊಳವೆ) ಹಚ್ಚಿ, ನಿಧಾನವಾಗಿ ಎಳೆದು, ಉಸಿರು ಹಿಡಿಯುವುದನ್ನು ಕಲಿಸುತ್ತೇನೆ. ಬೈಗುಳ ಉಚಿತ. ಮಾವಂದಿರಿಗೆ ಎರಡು ಪಟ್ಟು.