ಮೆತ್ತಗೆ ಓಡಿಸಿದ ಗಾಡಿ

ಹಳೆ ಕಾರು ಮಾರುವವರೆಲ್ಲ ಹೇಳುವುದು ಒಂದೇ ಮಾತು. “ತುಂಬಾ ಮೆತ್ತಗೆ ಓಡಿಸಿದೀವಿ ಸಾರ್.” ಸಾಧಾರಣ ಫ್ಯಾಮಿಲಿ ಕಾರಾದರೆ ನಂಬೋಣ. ಆದರೆ ಮುಂದೆ ಕೆಂಪು ಪಟ್ಟಿ, ಹಿಂದೆ ರೆಕ್ಕೆಯಂಥ ಸ್ಪಾಯ್ಲರ್, ಕೆಳಗೆ ಜೋಡಿ ಸೈಲೆನ್ಸರ್ ಇರುವ ಪುಟ್ಟ ಹ್ಯಾಚ್‌ಬ್ಯಾಕನ್ನು ಮೆತ್ತಗೆ ಓಡಿಸಲು ಯಾರಾದರೂ ಕೊಳ್ಳುತ್ತಾರಾ? ಅಂಥವರಿಗೆ ಅಂತಲೇ ಕಂಪನಿಯವರು ಅದೇ ಕಾರಿಗೆ ಸಣ್ಣ ಎಂಜಿನ್ ಹಾಕಿ ಕಡಿಮೆ ದುಡ್ಡಿಗೆ ಮಾರುತ್ತಾರಲ್ಲ!

ಇಂಥ ಗಾಡಿಗಳ ಹುಚ್ಚು ಹತ್ತಿಸಿದ್ದರಲ್ಲಿ ದೊಡ್ಡ ಪಾಲು 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐಯದು. 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ. ಈಗ ಕೇಳಿದರೆ ನಗು ಬರಬಹುದು, ಆದರೆ ಗಾಡಿಯ ತೂಕ 800 ಕೆಜಿ ಚಿಲ್ಲರೆ ಅಷ್ಟೇ. ಸಾಲದ್ದಕ್ಕೆ ಗೇರ್ ಲಿವರಿನ ತುದಿಯಲ್ಲಿ ಗಾಲ್ಫ್ ಚೆಂಡು, ಸೀಟಿಗೆ ಚೌಕಳಿ ಬಟ್ಟೆ. ಸಾಮಾನು ಹೊರುವ ಕಾರಿನಲ್ಲೇ ಜೋರಾಗಿಯೂ ಹೋಗಬಹುದು ಅನ್ನುವುದು ಅದರ ವಾದ. ನನ್ನ ಹೆಂಡತಿಯ ಮುಂದೆ ನಾನು ಮಂಡಿಸಿದ್ದೂ ಅದನ್ನೇ.

“ಹಿಂದಿನ ಸೀಟು ಮಡಚಿದ್ರೆ ಫ್ರಿಜ್ಜೇ ಹಿಡಿಸುತ್ತೆ ಗೊತ್ತಾ?”

“ವರ್ಷಕ್ಕೆ ಎಷ್ಟು ಫ್ರಿಜ್ ಸಾಗಿಸ್ಬೇಕು ಅಂತಿದೀರಿ?”

ಅನುಮತಿ ಸಿಕ್ಕಿತು ಅಂತ ತಿಳಿದುಕೊಂಡೆ. ಅಂಥದ್ದೊಂದು ಹಳೆ ಗಾಡಿ ಹುಡುಕಲು ಹೊರಟಾಗ ಜೊತೆಗೆ ಭಾವನೂ ಹೊರಟರು. ಅವರ ಜೇಬಿನಲ್ಲಿ ಒಂದು ಅಯಸ್ಕಾಂತ. ತಗಡಿನ ಮೇಲೆ ಅದು ಅಂಟುತ್ತದೆ, ಪುಟ್ಟಿ ಮೆತ್ತಿದ ಜಾಗದಲ್ಲಿ ಅಂಟುವುದಿಲ್ಲ. ಗಾಡಿ ಎಲ್ಲಿ ಗುದ್ದಿಸಿಕೊಂಡಿದೆ ಅಂತ ಗೊತ್ತಾಗುತ್ತದೆ.

ಮೊದಲು ನೋಡಿದ ಗಾಡಿಯ ಬಾನೆಟ್ ಮುಟ್ಟಿದರೆ ಆಗಲೇ ಬೆಚ್ಚಗಿತ್ತು. “ನೀವು ಬರ್ತೀರಿ ಅಂತ ಸ್ಟಾರ್ಟ್ ಮಾಡಿಟ್ಟಿದ್ದೆ” ಅಂದರು ಮಾರುವವರು. ಉಪಚಾರವೇನೋ ದೊಡ್ಡದು. ಆದರೆ ಎಂಜಿನ್ ನಿಜ ಹೇಳುವುದು ತಣ್ಣಗಿದ್ದಾಗಲೇ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಆ ಹೊಗೆ ನಾವು ಬರುವ ಮೊದಲೇ ಬಂದು ಹೋಗಿತ್ತೋ ಏನೋ. ಅಷ್ಟರಲ್ಲಿ ಭಾವ ಬಾನೆಟ್ ಮೇಲೆ ಅಯಸ್ಕಾಂತ ಇಟ್ಟರು. ಜಾರಿ ಬಿತ್ತು. ಮತ್ತೆ ಇಟ್ಟರು. ಮತ್ತೆ ಬಿತ್ತು. ಭಾವನ ಮುಖ ಗಂಭೀರವಾಯಿತು.

“ಸಾರ್, ಬಾನೆಟ್ ಅಲ್ಯೂಮಿನಿಯಂದು” ಅಂದರು ಮಾರುವವರು. ಕೆಲವು ಕಾರುಗಳಲ್ಲಿ ಇರುವುದು ನಿಜವೇ. ಭಾವ ಸುಮ್ನೆ ತಲೆಯಾಡಿಸಿ, ಹಿಂದಕ್ಕೆ ಹೋಗಿ ಚಕ್ರದ ಮೇಲಿನ ತಗಡಿಗೆ ಇಟ್ಟರು. ಅಲ್ಲೂ ಬಿತ್ತು.

“ಇದೂ ಅಲ್ಯೂಮಿನಿಯಮ್ಮಾ?”

ಅವರಿಗೆ ಆಗಲೇ ಯಾವುದೋ ಫೋನ್ ಬಂತು.

ಇನ್ನೊಂದು ಗಾಡಿಯ ಮೀಟರಿನಲ್ಲಿ ಕಿಲೋಮೀಟರ್ ಬಹಳ ಕಡಿಮೆ. ಆದರೆ ಡ್ರೈವರ್ ಸೀಟಿನಲ್ಲಿ ಬಾಗಿಲ ಕಡೆಯ ಅಂಚು ಸವೆದು ಸ್ಪಂಜು ಇಣುಕುತ್ತಿತ್ತು. ಸ್ಪೋರ್ಟ್ಸ್ ಸೀಟಿನ ಅಂಚು ಎತ್ತರ, ಹತ್ತಿ ಇಳಿಯುವಾಗೆಲ್ಲ ಉಜ್ಜುತ್ತದೆ. ಅಷ್ಟು ಸವೆಯಬೇಕಾದರೆ ಮಾಲೀಕರು ದಿನವಿಡೀ ಗಾಡಿ ಓಡಿಸದೆ ಬರೀ ಹತ್ತಿ ಇಳಿದಿರಬೇಕು. ಟೆಸ್ಟ್ ಡ್ರೈವ್‌ನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಸರ್ರನೆ ಏರಿತು, ಗಾಡಿ ಮಾತ್ರ ಇದ್ದ ವೇಗದಲ್ಲೇ ಇತ್ತು. ಎಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆ ದಾಟಿಸುವ ಕ್ಲಚ್ ಮುಗಿದಿದೆ. ಮೆತ್ತಗೆ ಓಡಿಸಿದ್ದಾರೆ ಅನ್ನುವುದು ಸುಳ್ಳಾದರೂ, ಇನ್ನು ಮುಂದೆ ಮೆತ್ತಗೇ ಓಡಿಸಬೇಕು ಅನ್ನುವುದು ಖಾತ್ರಿಯಾಯಿತು.

ಫಜೀತಿ ಆದದ್ದು ವಾಪಸ್ ಬಂದ ಮೇಲೆ. ಅದು ಮೂರು ಬಾಗಿಲಿನ ಗಾಡಿ, ಅಂದರೆ ಅಕ್ಕಪಕ್ಕ ಒಂದೊಂದು, ಮೂರನೆಯದು ಡಿಕ್ಕಿಯದು. ಹಿಂದೆ ಕೂತವರು ಇಳಿಯಬೇಕಾದರೆ ಮುಂದಿನ ಸೀಟು ಬಾಗಿಸಬೇಕು. ಎಡಗಡೆಯದೂ ಬಾಗಲಿಲ್ಲ, ಬಲಗಡೆಯದೂ ಬಾಗಲಿಲ್ಲ, ಎರಡು ಕಡೆಯ ಲಿವರೂ ಜಾಮ್. ಭಾವ ಒಳಗೇ ಉಳಿದರು. ಹಿಂದಿನ ಗಾಜು ಇಳಿಯುವಂಥದ್ದಲ್ಲ. ನಾವು ಹೊರಗೆ ರೇಟಿನ ಮಾತಾಡುತ್ತಿದ್ದರೆ ಅವರು ಗಾಜಿನ ಆಚೆಯಿಂದ ಎರಡೂ ಕೈ ಅಲ್ಲಾಡಿಸಿ ಬೇಡ, ಬೇಡ ಅನ್ನುತ್ತಿದ್ದರು. ಮಾರುವವರು ಅವರತ್ತ ನೋಡಿ ಕೈಬೀಸಿದರು. “ನೋಡಿ, ಅವರಿಗೂ ತುಂಬಾ ಹಿಡಿಸಿದೆ.”

ಕೊನೆಗೆ ಹಿಂದಿನ ಸೀಟು ಮಡಚಿ ಡಿಕ್ಕಿಯಿಂದ ಭಾವನನ್ನು ಇಳಿಸಿಕೊಂಡೆವು. ತಲೆ ಮೊದಲು ಬಂತು, ಚಪ್ಪಲಿ ಆಮೇಲೆ. ಫ್ರಿಜ್ ಹಿಡಿಸುತ್ತೆ ಅಂದಿದ್ದು ಸುಳ್ಳಲ್ಲ.

ಅಲ್ಲಿಂದ ಮುಂದೆ ಭಾವನದು ಒಂದೇ ಷರತ್ತು: ಐದು ಬಾಗಿಲಿರಬೇಕು. ಅಂಥದ್ದೊಂದು ಸಿಕ್ಕಿತು. ಮಾಲೀಕರು ಚಿಕ್ಕ ವಯಸ್ಸಿನವರು. ಹೇಗೆ ಓಡಿಸಿದೀರಿ ಅಂತ ಕೇಳಿದರೆ, “ಜೋರಾಗೇ ಓಡಿಸಿದೀನಿ ಸಾರ್, ಅದಕ್ಕೇ ಅಲ್ವಾ ತಗೊಂಡಿದ್ದು” ಅಂದು ಒಂದು ದಪ್ಪ ಫೈಲು ತಂದಿಟ್ಟರು. ಆಯಿಲ್ ಬದಲಿಸಿದ್ದು, ಕ್ಲಚ್ ಹಾಕಿಸಿದ್ದು, ಬ್ರೇಕ್ ಪ್ಯಾಡ್, ಎಲ್ಲಕ್ಕೂ ಬಿಲ್ಲು. ನನ್ನ ಕೇಳಿದರೆ, ಬಿಲ್ಲಿಲ್ಲದ ಹತ್ತು ಸಾಧುಗಳಿಗಿಂತ ಬಿಲ್ಲಿಟ್ಟ ಒಬ್ಬ ಪೋಕರಿ ವಾಸಿ. ಎಂಜಿನ್ನೂ ತಣ್ಣಗಿತ್ತು. ಖುಷಿಯನ್ನು ಮುಖದ ಮೇಲೆ ತೋರಿಸದೆ, ರೇಟು ಇಳಿಸಲು ಏನಾದರೂ ಹುಳುಕು ಸಿಗುತ್ತಾ ಅಂತ ನೋಡುತ್ತಿದ್ದೆ.

ಭಾವ ಅಯಸ್ಕಾಂತ ತೆಗೆದರು. ಬಾಗಿಲಿಗೆ ಪಟ್ಟನೆ ಅಂಟಿತು. ಎಷ್ಟು ಗಟ್ಟಿಯಾಗಿ ಅಂಟಿತೆಂದರೆ, ಅವರು ಅದನ್ನು ಎಳೆದು ಕಿತ್ತಾಗ ಬಣ್ಣದ ಮೇಲೆ ಗೇಣುದ್ದ ಗೀರು ಬಿತ್ತು. ಹುಡುಗ ಗೀರನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಚೌಕಾಸಿ ಅಲ್ಲಿಗೇ ಮುಗಿಯಿತು.