ನೀರು ಕೊಡುವ ನೆಪದಲ್ಲಿ

ರಗ್ಬಿಯವರಿಗೆ ತಮ್ಮ ಮರ್ಯಾದೆ ಬಗ್ಗೆ ಭಾರಿ ಹೆಮ್ಮೆ. ಮೂವತ್ತು ದಾಂಡಿಗರು 80 ನಿಮಿಷ ಒಬ್ಬರನ್ನೊಬ್ಬರು ಗುದ್ದಿ ಕೆಡವಬಹುದು. ಆದರೆ ರೆಫರಿ ಹತ್ತಿರ ಕ್ಯಾಪ್ಟನ್ ಬಿಟ್ಟು ಬೇರೆ ಯಾರೂ ತುಟಿ ಬಿಚ್ಚುವಂತಿಲ್ಲ. ಕಿವಿ ಹರಿದರೂ ಮರ್ಯಾದೆ ಹರಿಯಬಾರದು ನೋಡಿ.

ಈ ಕಟ್ಟುಪಾಡೆಲ್ಲ ಆಟಗಾರರಿಗೆ. ಕೋಚ್‌ಗಳದ್ದು ಬೇರೆಯೇ ಕಥೆ. ಪಾಪ, ಆಟ ಶುರುವಾದ ಮೇಲೆ ಅವರಿಗೆ ಮೇಲಿನ ಗಾಜಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಹಲ್ಲು ಕಡಿಯುವುದಷ್ಟೇ ಕೆಲಸ. ಎಷ್ಟು ಹೊತ್ತು ಅಂತ ಸುಮ್ನೆ ಕೂರುತ್ತಾರೆ?

2021ರಲ್ಲಿ ದಕ್ಷಿಣ ಆಫ್ರಿಕಾದ ರಾಸಿ ಎರಾಸ್ಮಸ್ ಕೂರಲಿಲ್ಲ. 2019ರ ವಿಶ್ವಕಪ್ ಗೆದ್ದು ಕೊಟ್ಟ ಕೋಚ್ ಅವರು. ಆಗ ಅಲ್ಲಿನ ರಗ್ಬಿ ನಿರ್ದೇಶಕರು. ಬ್ರಿಟನ್ ಮತ್ತು ಐರ್ಲೆಂಡ್‌ನ ಆಯ್ದ ಆಟಗಾರರ ಜಂಟಿ ತಂಡವಾದ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ಪ್ರವಾಸಕ್ಕೆ ಬಂದಾಗ ನೋಡಿದರೆ, ಈ ಮನುಷ್ಯ ಬಾಟಲಿ ಹಿಡಿದು ಮೈದಾನದೊಳಗೆ ಓಡಾಡುತ್ತಿದ್ದಾರೆ! ನೀರು ಕೊಡುವವನ ವೇಷ. ಎಂಥ ವಿನಯ, ಅಲ್ವಾ? ಬಾಟಲಿಯಲ್ಲಿ ನೀರು ಎಷ್ಟಿತ್ತೋ ಗೊತ್ತಿಲ್ಲ, ಸಲಹೆ ಅಂತೂ ಅದಕ್ಕಿಂತ ಜಾಸ್ತಿಯೇ ಇತ್ತು.

ಆದರೂ ಮೊದಲ ಟೆಸ್ಟ್ 17–22ರಲ್ಲಿ ಸೋತರು. ಆಮೇಲೆ ರೆಫರಿಯ ತಪ್ಪುಗಳನ್ನೆಲ್ಲ ಒಂದೊಂದಾಗಿ ತೋರಿಸುವ ಎರಾಸ್ಮಸ್‌ರ ವಿಡಿಯೊ ಹೊರಬಿತ್ತು. ಉದ್ದ 62 ನಿಮಿಷ. ಪಂದ್ಯ ಇರುವುದೇ 80 ನಿಮಿಷ. ಅಂದರೆ ರೆಫರಿ 18 ನಿಮಿಷ ಸರಿಯಾಗಿ ಕೆಲಸ ಮಾಡಿದ್ದರು ಎಂದು ಒಪ್ಪಿಕೊಂಡ ಹಾಗಾಯಿತು. ಆ ಔದಾರ್ಯವನ್ನು ಯಾರೂ ಗಮನಿಸಲಿಲ್ಲ. ಎರಡು ತಿಂಗಳು ರಗ್ಬಿಯಿಂದಲೇ ನಿಷೇಧ, 2022ರ ಸೆಪ್ಟೆಂಬರ್ ಮುಗಿಯುವ ತನಕ ಪಂದ್ಯದ ದಿನ ಮೈದಾನದ ಕಡೆ ತಲೆ ಹಾಕುವಂತಿಲ್ಲ ಎಂದು ತೀರ್ಪು ಬಂತು.

ಅಲ್ಲಿಗೆ ಮುಗಿಯಲಿಲ್ಲ. ಈ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿಯ ದೊಡ್ಡವರು ಕೂತು ಬಾಯಾರಿಕೆಗೇ ಕಾನೂನು ಬರೆದರು. 2022ರ ಜುಲೈಯಿಂದ ನೀರು ತರುವವರು ಇಬ್ಬರೇ ಇರಬೇಕು. ಹೆಡ್ ಕೋಚ್ ಆಗಲಿ, ರಗ್ಬಿ ನಿರ್ದೇಶಕರಾಗಲಿ ಬಾಟಲಿ ಹಿಡಿದು ಬರುವಂತಿಲ್ಲ. ಗೊತ್ತುಮಾಡಿದ ಹೊತ್ತಿಗೆ ಮಾತ್ರ ನೀರು. ನನಗೆ ತುಂಬಾ ಇಷ್ಟವಾಗಿದ್ದು ಇನ್ನೊಂದು ಸಾಲು. ಚೆಂಡು ನಿಲ್ಲಿಸಿ ಒದೆಯಲು ಒಂದು ಪುಟ್ಟ ಟೀ ಇಡುತ್ತಾರಲ್ಲ, ಅದನ್ನು ತರುವವನು ಜೊತೆಗೆ ಒಂದು ಬಾಟಲಿ ತರಬಹುದು. ಒಂದೇ ಒಂದು. ಅದೂ ಒದೆಯುವವನಿಗೆ ಮಾತ್ರ. ಪಕ್ಕದಲ್ಲಿ ಇನ್ನೊಬ್ಬ ಮಂಡಿಯೂರಿ ಏದುಸಿರು ಬಿಡುತ್ತಾ ಕೈ ಚಾಚಿದರೆ? "ನಿನಗಲ್ಲಪ್ಪ, ಕಾನೂನು ಒಪ್ಪಲ್ಲ!"

ನೀವು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುತ್ತೇವೆ ಎನ್ನುವವರಿಗೆ ಇದೆಲ್ಲ ಯಾವ ಲೆಕ್ಕ? 2023ರ ವಿಶ್ವಕಪ್‌ನಲ್ಲಿ, ಮಾರ್ಸೇಲ್‌ನಲ್ಲಿ ಸ್ಕಾಟ್ಲೆಂಡ್ ಎದುರಿನ ಪಂದ್ಯ ನಡೆಯುತ್ತಿತ್ತು. ದಕ್ಷಿಣ ಆಫ್ರಿಕಾದ ಕೋಚ್‌ಗಳು ಕೂತ ಕಡೆಯಿಂದ ಬಣ್ಣದ ದೀಪ ಮಿನುಗಿದವು. ಕೆಂಪು, ಹಳದಿ, ಹಸಿರು, ಥೇಟ್ ಸರ್ಕಲ್‌ನ ಸಿಗ್ನಲ್ ಥರ. ಯಾಕಪ್ಪಾ ಎಂದರೆ, ಗಾಯ ಎಷ್ಟು ಜೋರು ಎಂದು ತಿಳಿಸಿಕೊಳ್ಳಲು ಅಂತೆ! ಬಾಟಲಿಗೆ ಕಾನೂನಿದೆ, ಬಲ್ಬಿಗೆ ಇರಲಿಲ್ಲ.

ಬರೀ ಇವರನ್ನೇ ಬೈದರೆ ತಪ್ಪಾಗುತ್ತದೆ. ಈ ಆಟ ಹುಟ್ಟಿಸಿದ ಇಂಗ್ಲೆಂಡ್‌ನವರು 2003ರ ವಿಶ್ವಕಪ್‌ನಲ್ಲಿ ಸಮೋವಾ ಎದುರು ಒಂದಷ್ಟು ಹೊತ್ತು 16 ಜನರನ್ನು ಆಡಿಸಿದರು. ದಂಡ 10,000 ಪೌಂಡ್, ಫಿಟ್ನೆಸ್ ಕೋಚ್‌ಗೆ ಎರಡು ವಾರ ಗೇಟ್‌ಪಾಸ್. ಕಪ್ ಮಾತ್ರ ಅವರಿಗೇ ಬಂತು. 2011ರಲ್ಲಿ ರೊಮೇನಿಯಾ ಎದುರು ಅವರ ಸಿಬ್ಬಂದಿ ಇಬ್ಬರು ಚೆಂಡನ್ನೇ ಬದಲಾಯಿಸಿಕೊಟ್ಟರು. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಅದರ ಬೆನ್ನಿಗೇ ಹೆಚ್ಚುವರಿ ಪಾಯಿಂಟ್‌ಗೆ ಒದೆಯುವುದು ಕನ್ವರ್ಷನ್; ಟ್ರೈ ಹೊಡೆದ ಚೆಂಡಿನಲ್ಲೇ ಕನ್ವರ್ಷನ್ ಒದೆಯಬೇಕು ಎಂಬುದು ನಿಯಮ. ಆ ಚೆಂಡು ಯಾಕೋ ಇವರ ಮನಸ್ಸಿಗೆ ಹಿಡಿಸಲಿಲ್ಲ.

ಇನ್ನು ಹಾಕಾ, ಅಂದರೆ ಪಂದ್ಯಕ್ಕೆ ಮುಂಚಿನ ಮಾವೊರಿ ಕುಣಿತ. ನ್ಯೂಜಿಲೆಂಡ್‌ನವರು ನಾಲಿಗೆ ಚಾಚಿ, ತೊಡೆ ತಟ್ಟಿ ಕುಣಿಯುವಾಗ ಎದುರಾಳಿಗಳು ಮಧ್ಯದ ಗೆರೆ ದಾಟಬಾರದು. 2011ರ ಫೈನಲ್‌ನಲ್ಲಿ ಫ್ರಾನ್ಸ್ ದಾಟಿತು: 2,500 ಪೌಂಡ್. 2019ರ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಇಂಗ್ಲಿಷ್‌ನ ವಿ ಅಕ್ಷರದ ಹಾಗೆ ನಿಂತು ದಾಟಿತು: 2,000 ಪೌಂಡ್. ಎಂಟು ವರ್ಷದಲ್ಲಿ ಜಗತ್ತಿನಲ್ಲಿ ಎಲ್ಲದರ ಬೆಲೆ ಏರಿತು, ಗೆರೆ ದಾಟುವುದು ಮಾತ್ರ ಅಗ್ಗವಾಯಿತು. ಈ ರೇಟುಗಳನ್ನು ಒಂದು ಬೋರ್ಡ್‌ನಲ್ಲಿ ಬರೆದು ಡ್ರೆಸ್ಸಿಂಗ್ ರೂಮಿಗೆ ನೇತುಹಾಕಿದರೆ ಕೋಚ್‌ಗಳಿಗೆ ಬಜೆಟ್ ಹಾಕಲು ಸಲೀಸು.

ಆ ಇಂಗ್ಲೆಂಡ್ ತಂಡದ ಕೋಚ್ ಎಡ್ಡಿ ಜೋನ್ಸ್. ಗೆರೆ ದಾಟುವುದು ಅವರಿಗೆ ಅಲ್ಲಿಗೇ ನಿಲ್ಲಲಿಲ್ಲ. 2023ರ ಜನವರಿಯಲ್ಲಿ 2027ರವರೆಗೆ ಅಂತ ಆಸ್ಟ್ರೇಲಿಯಾ ತಂಡ ಹಿಡಿದರು. ಆ ತಂಡ ಮೊದಲ ಸಲ ವಿಶ್ವಕಪ್‌ನ ಗುಂಪು ಹಂತದಲ್ಲೇ ಮನೆಗೆ ಹೋಯಿತು. ಅಕ್ಟೋಬರ್ ಕೊನೆಗೆ ರಾಜೀನಾಮೆ, ಡಿಸೆಂಬರ್‌ನಲ್ಲಿ ಜಪಾನ್ ಕೋಚ್. ಇದಕ್ಕೆ ಬೋರ್ಡ್‌ನಲ್ಲಿ ರೇಟ್ ಇಲ್ಲ.

ಅದೇ ಅಕ್ಟೋಬರ್ 28ರಂದು ಪ್ಯಾರಿಸ್‌ನಲ್ಲಿ ಫೈನಲ್. ನ್ಯೂಜಿಲೆಂಡ್ ಕ್ಯಾಪ್ಟನ್ ಸ್ಯಾಮ್ ಕೇನ್ ಒಂದು ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಕೆಡವುವ ಪಟ್ಟು, ತುಸು ಮೇಲೆ ಹಾಕಿದರು. ಹಳದಿ ಕಾರ್ಡ್ ಸಿಕ್ಕಿತು, ಅಂದರೆ ಹತ್ತು ನಿಮಿಷ ಹೊರಗೆ. ಹೊರಗೆ ಹೋಗಿ ಕುರ್ಚಿಯಲ್ಲಿ ಕೂತರು. ಎಲ್ಲೋ ಒಂದು ಕೋಣೆಯಲ್ಲಿ ಒಬ್ಬ ಅಧಿಕಾರಿ ಪರದೆ ನೋಡಿ ಅದನ್ನು ಕೆಂಪು ಮಾಡಿದರು. ಅದಕ್ಕೆ ಅವರಿಗಿದ್ದ ಗಡುವು ಎಂಟು ನಿಮಿಷ. ವಿಶ್ವಕಪ್ ಫೈನಲ್‌ನಲ್ಲಿ ಪುರುಷ ಆಟಗಾರನಿಗೆ ಕೆಂಪು ಕಾರ್ಡ್ ಬಿದ್ದಿದ್ದು ಅದೇ ಮೊದಲು. ಅವರ ತಂಡ ದಕ್ಷಿಣ ಆಫ್ರಿಕಾ ಎದುರು 11–12ರಲ್ಲಿ, ಒಂದೇ ಪಾಯಿಂಟ್‌ನಲ್ಲಿ ಸೋತಿತು. ಕ್ಯಾಪ್ಟನ್ ಕೊನೆಯವರೆಗೂ ಗೆರೆ ದಾಟಲಿಲ್ಲ. ನೀರಿನ ಬಾಟಲಿ ಹಿಡಿದವರು ಮಾತ್ರ ಅವರ ಕಣ್ಣ ಮುಂದೆಯೇ ಒಳಗೆ ಹೋಗಿ ಬಂದು ಮಾಡುತ್ತಿದ್ದರು.